ಬಾಣಂತಿ ಕೋಣೆಗೆ ಸುಣ್ಣ ಹೊಡೆಯೋ ಮುಂಚೆ

ಸೀಮಂತ ಮುಗಿಯಿತು ಅಂದರೆ ತವರುಮನೆಯಲ್ಲಿ ಒಂದು ಕೋಣೆ ಖಾಲಿ ಮಾಡೋ ಗಡಿಬಿಡಿ ಶುರು. ರಾಗಿ ಮೂಟೆ ಹೊರಗೆ, ಟ್ರಂಕು ಅಟ್ಟಕ್ಕೆ, ಗೋಡೆಗೆ ಹೊಸ ಬಣ್ಣ. ಈಗ ಅದರ ಜೊತೆಗೆ ಮೊಬೈಲಿನಲ್ಲಿ ‘ಆರ್ಗ್ಯಾನಿಕ್’ ಹಾಸಿಗೆ, ‘ಇಕೋ’ ತೊಟ್ಟಿಲು, ಬಿದಿರಿನ ಬಟ್ಟೆ ಹುಡುಕೋದೂ ಸೇರಿಕೊಂಡಿದೆ. ನನ್ನ ಮಾತು ಇಷ್ಟೇ: ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮನೆಗಳಲ್ಲಿ ಆ ದುಡ್ಡನ್ನು ಸುಣ್ಣಕ್ಕೆ, ಸೊಳ್ಳೆಪರದೆಗೆ, ಒಂದು ನೀರಿನ ಪರೀಕ್ಷೆಗೆ ಹಾಕಿದರೆ ಮಗುವಿಗೆ ಹೆಚ್ಚು ಉಪಯೋಗ.

ಗೋಡೆಯಿಂದಲೇ ಹಿಡಿಯೋಣ. ಹಳೆ ಮನೆಯ ಬಾಗಿಲು, ಕಿಟಕಿ ಸರಳುಗಳಿಗೆ ಹಸಿರು, ನೀಲಿ ಎನಾಮಲ್ ಪೇಂಟ್ ಪದರದ ಮೇಲೆ ಪದರ ಬಳಿದಿರುತ್ತಾರೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇದೆ ಅಂತಲೇ ಇಟ್ಟುಕೊಳ್ಳಿ. ಅದನ್ನು ಒಣಗಿದ ಹಾಗೇ ಉಜ್ಜಿದರೆ ಪುಡಿ ಕೋಣೆ ತುಂಬಾ ಕೂರುತ್ತದೆ, ಆರು ತಿಂಗಳ ನಂತರ ಅಂಬೆಗಾಲಿಡುವ ಮಗುವಿನ ಅಂಗೈಗೆ ಹತ್ತಿ ಬಾಯಿಗೆ ಹೋಗುತ್ತದೆ. ಬಣ್ಣ ಗಟ್ಟಿಯಾಗಿದ್ದರೆ ಕೆರೆಯಲೇಬೇಡಿ, ಮೇಲೆ ಇನ್ನೊಂದು ಕೋಟ್ ಹೊಡೆಸಿ ಮುಚ್ಚಿ. ಏಳುತ್ತಿದ್ದರೆ ಮಾತ್ರ ನೀರು ಹಾಕಿ, ವಾಟರ್ ಪೇಪರ್‌ನಲ್ಲಿ ಒದ್ದೆಯಾಗಿಯೇ ಉಜ್ಜಿ, ಬಂದ ಕೆಸರನ್ನು ಬಟ್ಟೆಯಲ್ಲಿ ಒರೆಸಿ ಕವರಿಗೆ ಕಟ್ಟಿ ಬಿಸಾಡಿ. ಬಸುರಿ ಹೆಂಗಸು ಆ ದಿನ ಆ ಮನೆಯಲ್ಲೇ ಇರಬಾರದು.

ಗೋಡೆಗೆ ಸುಣ್ಣದಷ್ಟು ಒಳ್ಳೆಯದು ಇನ್ನೊಂದಿಲ್ಲ. ವಾಸನೆ ಇಲ್ಲ, ಗೋಡೆ ಉಸಿರಾಡುತ್ತದೆ, ಬೂಷ್ಟು ಸುಲಭಕ್ಕೆ ಹಿಡಿಯೋದಿಲ್ಲ. ಆದರೆ ಹೊಡೆಯೋ ಕ್ರಮ ಮರೆತುಹೋಗಿದೆ, ಅದಕ್ಕೇ ‘ಸುಣ್ಣ ಕೈಗೆ ಹತ್ತುತ್ತೆ’ ಅನ್ನೋ ದೂರು. 1 ಕೆಜಿ ಸುಡುಸುಣ್ಣಕ್ಕೆ ಸುಮಾರು 5 ಲೀಟರ್ ನೀರು. ಹಳೆ ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸುಣ್ಣದ ಕಲ್ಲು ಸ್ವಲ್ಪ ಸ್ವಲ್ಪವಾಗಿ. ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಮೆತ್ತಗಾಗಿ ಸೊಟ್ಟಗಾಗುತ್ತದೆ. ಕಣ್ಣಿಗೆ ಒಂದು ಹನಿ ಹಾರಿದರೂ ಅಪಾಯ, ಕನ್ನಡಕ ಬೇಕೇ ಬೇಕು. ಒಂದು ದಿನ ಪೂರ್ತಿ ಬಿಟ್ಟು, ಪಂಚೆ ಬಟ್ಟೆಯಲ್ಲಿ ಸೋಸಿ, ಲೀಟರಿಗೆ 4 ಗ್ರಾಂ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸಿ. ಗೋಡೆಯನ್ನು ನೀರಿನಲ್ಲಿ ತೋಯಿಸಿ ಆಮೇಲೆ ತೆಳ್ಳಗೆ ಮೂರು ಕೈ. ಮೊದಲ ಕೈ ಹೊಡೆದಾಗ ಏನೂ ಕಾಣೋದಿಲ್ಲ, ಒಣಗುತ್ತಾ ಬೆಳ್ಳಗಾಗುತ್ತದೆ. ಅಷ್ಟು ತಾಳ್ಮೆ ಇಲ್ಲದೆ ಒಂದೇ ಸಲಕ್ಕೆ ದಪ್ಪಗೆ ಬಳಿದದ್ದೇ ಪುಡಿ ಉದುರೋದು. ಎಮಲ್ಷನ್ ಪೇಂಟ್ ಇರುವ ಗೋಡೆಗೆ ಮಾತ್ರ ಸುಣ್ಣ ಬೇಡ, ಹಿಡಿಯದೆ ಹಪ್ಪಳದ ಹಾಗೆ ಏಳುತ್ತದೆ. ಅಲ್ಲಿ ವಿಒಸಿ (ಬಣ್ಣದಿಂದ ಆವಿಯಾಗಿ ಗಾಳಿಗೆ ಸೇರೋ ರಾಸಾಯನಿಕ) ಕಮ್ಮಿ ಇರುವ ನೀರಿನ ಪೇಂಟೇ ಸರಿ. ಯಾವುದನ್ನೇ ಹೊಡೆಸಿದರೂ ಹೆರಿಗೆಗೆ ಒಂದು ತಿಂಗಳು ಮುಂಚೆಯೇ ಮುಗಿಸಿ ಕಿಟಕಿ ತೆಗೆದಿಡಿ.

ಕಲ್ಲುಚಪ್ಪಡಿ ಸೂರಿನ ಮನೆಗಳಲ್ಲಿ ಚಪ್ಪಡಿ ಸೇರುವ ಕಡೆ ಮಳೆಗೆ ಜಿನುಗುತ್ತದೆ. ಆ ಸಂದು ಮುಚ್ಚದೆ ಒಳಗೆ ಏನು ಬಳಿದರೂ ಬೂಷ್ಟು ಮತ್ತೆ ಬರುತ್ತದೆ. ಉಳಿದ ಸುಣ್ಣವನ್ನು ಸೂರಿನ ಮೇಲೂ ಬಳಿಸಿ, ಏಪ್ರಿಲ್ ಬಿಸಿಲು ಒಳಗೆ ಇಳಿಯೋದು ಕಮ್ಮಿಯಾಗುತ್ತದೆ.

ಇನ್ನು ಹೊಗೆ. ಇಲ್ಲಿ ಕೆಲವರಿಗೆ ಬೇಜಾರಾಗಬಹುದು. ಎಣ್ಣೆನೀರು ಆದ ಮೇಲೆ ಮಗುವನ್ನು ಸಾಂಬ್ರಾಣಿ ಹೊಗೆಗೆ ಹಿಡಿಯೋದು, ಕೋಣೆಯ ಕಿಟಕಿ ಸಂದಿಗೆಲ್ಲಾ ಬಟ್ಟೆ ತುರುಕಿ ಮಂಚದ ಕೆಳಗೆ ಕೆಂಡ ಇಡೋದು, ಎರಡೂ ನಿಲ್ಲಬೇಕು. ಸಾಂಬ್ರಾಣಿ ‘ನ್ಯಾಚುರಲ್’ ನಿಜ, ಅದರ ಹೊಗೆಯಲ್ಲಿರೋ ಕಣಗಳು ಎಳೆ ಶ್ವಾಸಕೋಶಕ್ಕೆ ಹೊಗೆಯೇ. ಕೆಂಡದ್ದು ಇನ್ನೂ ಕೆಟ್ಟದ್ದು: ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಾಯಿ ಮಗು ಇಬ್ಬರೂ ನಿದ್ದೆಯಲ್ಲೇ ಹೋಗಬಹುದು. ಡಿಸೆಂಬರ್ ಚಳಿಗೆ ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಮಲಗಿಸಿಕೊಂಡು ಮೇಲೆ ಹೊದಿಕೆ ಹೊದ್ದರೆ ಸಿಗುವ ಶಾಖ ಯಾವ ಕೆಂಡದಿಂದಲೂ ಸಿಗಲ್ಲ. ತಾಯಿ ಎಚ್ಚರವಾಗಿದ್ದಾಗ ಮಾತ್ರ. ಅಜ್ಜಿಯ ಜೊತೆ ವಾದಕ್ಕೆ ನಿಲ್ಲಬೇಡಿ. ‘ಸಾಂಬ್ರಾಣಿ ದೇವರ ಮನೆಯಲ್ಲಿ ಹಾಕಿ ಅಜ್ಜಿ, ವಾಸನೆ ಇಲ್ಲೀತನಕ ಬರುತ್ತೆ’ ಅಂದರೆ ಒಪ್ಪುತ್ತಾರೆ.

ಸೊಳ್ಳೆ ಬತ್ತಿಯೂ ಇದೇ ಲೆಕ್ಕ. ಒಂದು ಕಾಯಿಲ್ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣ 75ಕ್ಕೂ ಹೆಚ್ಚು ಸಿಗರೇಟಿನಷ್ಟು ಅಂತ ಅಳೆದು ನೋಡಿದವರಿದ್ದಾರೆ. ಕಿಟಕಿಗೆ ಜಾಲರಿ, ತೊಟ್ಟಿಲಿಗೆ ಪರದೆ. ಡೆಂಗಿ ಸೊಳ್ಳೆ ಕಚ್ಚೋದು ಹಗಲಲ್ಲಿ, ಹಾಗಾಗಿ ಹಗಲು ನಿದ್ದೆಗೂ ಪರದೆ ಬೇಕು. ಅದು ಮಗುವಿನ ಮುಖಕ್ಕೆ ತಾಗದಷ್ಟು ಎತ್ತರವಾಗಿ, ಬಿಗಿಯಾಗಿ ಇರಲಿ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಅಪಾಯ ಟ್ರಂಕಿನಲ್ಲಿದೆ. ಮೆತ್ತಗಿನ ಹಳೆ ಸೀರೆ, ಪಂಚೆ ಎಲ್ಲಾ ಮಗುವಿಗೇ ಅಂತ ಎತ್ತಿಟ್ಟು, ಮಧ್ಯೆ ಬಿಳಿ ನುಸಿಗುಳಿಗೆ ಹಾಕಿರುತ್ತಾರೆ. ಅದು ನ್ಯಾಫ್ತಲೀನ್. ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರುವ ಮಗುವಿಗೆ ಆ ಬಟ್ಟೆ ಸುತ್ತಿದರೆ ಕೆಂಪು ರಕ್ತಕಣ ಒಡೆದು ಕಾಮಾಲೆ ಏರುತ್ತದೆ. ಯಾವ ಮಗುವಿಗೆ ಆ ಕೊರತೆ ಇದೆ ಅಂತ ನೋಡಿದರೆ ಗೊತ್ತಾಗಲ್ಲ. ಏಳನೇ ತಿಂಗಳಲ್ಲೇ ಟ್ರಂಕು ಬಿಚ್ಚಿ, ಗುಳಿಗೆ ಎಸೆದು, ಎಲ್ಲವನ್ನೂ ಎರಡು ಮೂರು ಸಲ ಒಗೆದು ಬಿಸಿಲಿಗೆ ಹಾಕಿ. ಮೂಗಿಗೆ ಹಿಡಿದಾಗ ಒಂದಿಷ್ಟು ವಾಸನೆ ಉಳಿದಿದ್ದರೂ ಆ ಬಟ್ಟೆ ಬೇಡ. ಮುಂದೆ ಎತ್ತಿಡುವಾಗ ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪು ಸಾಕು.

ಲಂಗೋಟಿಗೆ ಹಳೆ ಹತ್ತಿ ಪಂಚೆಯನ್ನು ಮೀರಿಸೋದು ಯಾವುದೂ ಇಲ್ಲ. ಒಂದು ಒಂಟಿ ಪಂಚೆಯಲ್ಲಿ 60 ಸೆಂಟಿಮೀಟರ್ ಚೌಕದ ಆರು ತುಂಡು ಬರುತ್ತದೆ. ಹಸುಗೂಸು ದಿನಕ್ಕೆ 10–12 ಸಲ ಒದ್ದೆ ಮಾಡುತ್ತದೆ, ಮೋಡದ ದಿನ ಒಣಗೋದು ತಡ, ಆದ್ದರಿಂದ ಆರು ಪಂಚೆ, 36 ತುಂಡು. ತೊಂದರೆ ಬರೋದು ಒಗೆಯುವಾಗ. ನಮ್ಮ ಬೋರ್‌ವೆಲ್ ನೀರು ಗಡಸು, ಸೋಪು ನೊರೆ ಬರೋ ಬದಲು ಗಸಿ ಕಟ್ಟಿ ಬಟ್ಟೆಯಲ್ಲೇ ಉಳಿಯುತ್ತದೆ. ಬಟ್ಟೆ ರಟ್ಟಿನ ಹಾಗಾಗಿ ತೊಡೆಸಂದಿ ಕೆಂಪಾಗುತ್ತದೆ, ದೂರು ಮಾತ್ರ ಬಟ್ಟೆಯ ಮೇಲೆ. ಬೀಜ ತೆಗೆದ ಅಂಟುವಾಳದ ಹತ್ತು ಹನ್ನೆರಡು ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸಿ ಸೋಸಿ ಬಳಸಿ, ಅದು ಗಡಸು ನೀರಲ್ಲೂ ಗಸಿ ಕಟ್ಟಲ್ಲ. ಎರಡು ದಿನಕ್ಕೆ ಹುಳಿ ವಾಸನೆ ಬರುತ್ತದೆ, ಹೆಚ್ಚು ಮಾಡಿಡಬೇಡಿ. ಘಮಘಮ ಕಂಡೀಷನರ್ ಹಾಕಿದರೆ ಬಟ್ಟೆ ನೀರು ಹೀರೋದನ್ನೇ ಬಿಡುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ಜಾಲಾಟಕ್ಕೆ ಅದೇ ಬಂಗಾರ.

ಕುಡಿಯೋ ನೀರಿನ ವಿಷಯ: ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಒಂದು ಚಮಚ ನೀರೂ ಬೇಡ. ಡಾಕ್ಟರೇ ಪುಡಿ ಹಾಲು ಬರೆದಿದ್ದರೆ ಮಾತ್ರ ನೀರಿನ ಪ್ರಶ್ನೆ, ಆಗ ಅದು ದೊಡ್ಡ ಪ್ರಶ್ನೆ. ಬಾಗೇಪಲ್ಲಿ, ಪಾವಗಡ, ಮುಳಬಾಗಿಲು ಕಡೆಯ ಆಳದ ಬೋರ್‌ಗಳಲ್ಲಿ ಹಲ್ಲು, ಮೂಳೆ ಕೆಡಿಸೋ ಫ್ಲೋರೈಡ್ ಸಮಸ್ಯೆ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5. ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು, ದಾಟಿದರೆ ಪುಟ್ಟ ಮಗುವಿನ ರಕ್ತ ಆಮ್ಲಜನಕ ಹೊರೋದು ಕಮ್ಮಿಯಾಗಿ ಮೈ ನೀಲಿಗಟ್ಟುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಆದರೆ ಫ್ಲೋರೈಡ್, ನೈಟ್ರೇಟ್ ಎರಡೂ ನೀರು ಇಂಗಿದಷ್ಟೂ ಗಾಢವಾಗುತ್ತವೆ. ಜಿಲ್ಲಾ ಕೇಂದ್ರದ ನೀರು ಪರೀಕ್ಷಾ ಲ್ಯಾಬಿಗೆ ಒಂದು ಬಾಟಲಿ ಕೊಟ್ಟು ಬನ್ನಿ.

ಹೊಸ ಪ್ಲೈವುಡ್ ಬೀರು ಬೇಡ, ಅದರ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನ್ನೋ ಕಣ್ಣು, ಮೂಗು ಉರಿಸೋ ಅನಿಲ ತಿಂಗಳುಗಟ್ಟಲೆ ಬರುತ್ತದೆ, ಬಿಸಿಲಲ್ಲಿ ಇನ್ನೂ ಜಾಸ್ತಿ. ಹಳೆ ಕಬ್ಬಿಣದ ಬೀರು ಸಾಕು. ಗಿಲಕಿಗೆ ಚನ್ನಪಟ್ಟಣದ ಅರಗಿನ ಬಣ್ಣದ್ದು ತನ್ನಿ, ಬಿಡಿ ಬಿಡಿ ಭಾಗ ಇಲ್ಲದ್ದು ನೋಡಿ. ಮನಿ ಪ್ಲಾಂಟ್ ಗಾಳಿ ಶುದ್ಧ ಮಾಡುತ್ತೆ ಅಂತ ಕೋಣೆಯಲ್ಲಿ ಇಡೋರಿಗೆ ಒಂದು ಮಾತು: ಒಂದು ಕುಂಡದಿಂದ ಗಾಳಿ ಬದಲಾಗಲ್ಲ, ಎಲೆ ಬಾಯಿಗೆ ಹೋದರೆ ನಾಲಿಗೆ ಉರಿಯುತ್ತದೆ.

ಮಲಗಿಸೋದು ಅಂಗಾತ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ. ತಲೆ ಗುಂಡಗಾಗಲಿ ಅಂತ ಇಡುವ ರಾಗಿ ದಿಂಬು, ಸಾಸಿವೆ ದಿಂಬು ಬೇಡ. ಮುಖ ಹೂತರೆ ಉಸಿರುಕಟ್ಟುತ್ತದೆ, ಬೆವರಿಗೆ ರಾಗಿ ಹುಳು ಬೀಳುತ್ತದೆ. ಸೀರೆ ಜೋಲಿಯಲ್ಲಿ ಗದ್ದ ಎದೆಗೆ ಒತ್ತುತ್ತದೆ, ಪಕ್ಕದಲ್ಲಿ ಕೂತು ತೂಗಬಹುದು, ರಾತ್ರಿಯಿಡೀ ಬೇಡ. ಮರದ ತೊಟ್ಟಿಲಾದರೆ ಸರಳುಗಳ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ತೂಗುತೊಟ್ಟಿಲು ನೇತುಹಾಕುವ ಕೊಂಡಿಯನ್ನು ಹಾಗೇ ನಂಬಬೇಡಿ. ಹೊರಗೆ ಹಾಕಿದ ಆ ರಾಗಿ ಮೂಟೆಯಿಂದ 25 ಕೆಜಿ ಅಳೆದು ಚೀಲಕ್ಕೆ ಕಟ್ಟಿ, ಅದೇ ಹಗ್ಗದಲ್ಲಿ ಒಂದು ರಾತ್ರಿ ನೇತುಹಾಕಿ, ಆಗಾಗ ತೂಗಿ ನೋಡಿ. ಬೆಳಗ್ಗೆ ಕೊಂಡಿಯ ಬುಡದಲ್ಲಿ ಸುಣ್ಣ ಬಿರುಕು ಬಿಟ್ಟಿದ್ದರೆ ಗಾರೆಯವರನ್ನು ಕರೆಸಿ.