ಹೆಸರಲ್ಲಿ ‘ಟೆಸ್ಟ್’ ಇದ್ದ ತಪ್ಪಿಗೆ

ನಮ್ಮ ಬಳ್ಳಾರಿ ಆಫೀಸಿನಲ್ಲಿ ಜನ ನೂರಿಪ್ಪತ್ತು, ಗ್ರೂಪು ಮುನ್ನೂರು ಚಿಲ್ಲರೆ. ನಮ್ಮ ಮೇಲು, ಫೈಲು ಎಲ್ಲ ಇರುವ ಮೈಕ್ರೋಸಾಫ್ಟ್ 365ರಲ್ಲಿ, ಬೀಗ ಜಡಿಯದಿದ್ದರೆ, ಯಾರು ಬೇಕಾದರೂ ಗ್ರೂಪ್ ಕಟ್ಟಬಹುದು. ಒಂದು ಕಟ್ಟಿದರೆ ಮೇಲ್‌ಬಾಕ್ಸ್, ಕ್ಯಾಲೆಂಡರ್, ಫೈಲು ಇಡುವ ಶೇರ್‌ಪಾಯಿಂಟ್ ಸೈಟು ಎಲ್ಲ ಬೀಗರ ದಿಬ್ಬಣದಂತೆ ಬೆನ್ನಿಗೇ ಬರುತ್ತವೆ. ಗಣೇಶನ ಚಂದಾಕ್ಕೂ ಒಂದು ಟೀಮ್ ಸೈಟ್ ಇತ್ತು. ಆ ಗಣೇಶ ಕಾಲುವೆ ಸೇರಿ ಎರಡು ವರ್ಷ, ಸೈಟ್ ಮಾತ್ರ ಮುಳುಗಿರಲಿಲ್ಲ.

ಮೇ ತಿಂಗಳು. ಎಸಿ ಇರುವುದು ಸರ್ವರ್ ರೂಮಿಗೆ ಮಾತ್ರ. ಹಾಗಾಗಿ ಕಂಪ್ಯೂಟರ್ ನೋಡಿಕೊಳ್ಳುವ ನನಗೆ ಕೆಲಸದ ಮೇಲೆ ವಿಪರೀತ ಪ್ರೀತಿ ಬಂತು. ಬೇಡದ ಗ್ರೂಪುಗಳನ್ನು ಒಂದೊಂದೇ ಅಳಿಸುತ್ತ ಕೂತರೆ ಮುಂದಿನ ಉಗಾದಿ ಬಂದೀತೆಂದು, ಅಪ್ಪಣೆ ಟೈಪಿಸಿ ಕೆಲಸ ಮಾಡಿಸುವ ಪವರ್‌ಶೆಲ್‌ನಲ್ಲಿ ನಾಲ್ಕು ಸಾಲಿನ ಸ್ಕ್ರಿಪ್ಟ್ ಗೀಚಿದೆ: ಹೆಸರಲ್ಲಿ ‘ಟೆಸ್ಟ್’ ಇದ್ದದ್ದನ್ನೆಲ್ಲ ಹುಡುಕು, ಅಳಿಸು. ಹಿಂದೆ ಮುಂದೆ ಏನಿದ್ದರೂ ಸಿಗಲೆಂದು ಎರಡೂ ಬದಿಗೆ ನಕ್ಷತ್ರ (*) ಹಚ್ಚಿದೆ. ಪ್ರತಿ ಗ್ರೂಪಿಗೂ ‘ಖರೇನಾ?’ ಎಂದು ಕೇಳುವುದು ಅದರ ಚಾಳಿ. ಆ ಬಾಯನ್ನೂ ಮುಚ್ಚಿಸಿದೆ. ‘ವಾಟ್‌ಇಫ್’ ಅಂತ ಒಂದು ಪದ ಸೇರಿಸಿದ್ದರೆ ಏನನ್ನೂ ಮುಟ್ಟದೆ, ಯಾವ್ಯಾವುದು ಹೋಗಲಿದೆ ಎಂದಷ್ಟೇ ತೋರಿಸುತ್ತಿತ್ತು. ಗೊತ್ತಿತ್ತು. ಆದರೆ ಕೆಳಗೆ ಬಂಡಿಯಲ್ಲಿ ಮಿರ್ಚಿ ಎಣ್ಣೆಗೆ ಬಿದ್ದ ಸದ್ದು ಕೇಳಿತ್ತಲ್ಲ.

ಮಂಡಕ್ಕಿ ಒಗ್ಗರಣಿ ಅರ್ಧ ಮುಗಿದಿತ್ತು, ಎರಡನೇ ಮಿರ್ಚಿ ಬಾಯಲ್ಲಿತ್ತು. ಫೋನು.

‘ಸಾರ್, ನಮ್ ಲ್ಯಾಬ್ ಸೈಟೇ ಕಾಣವಲ್ದು ನೋಡ್ರಿ!’

ಅದಿರು ಪರೀಕ್ಷಿಸುವ ಮೇಡಂ. ಅವರ ಗ್ರೂಪಿನ ಹೆಸರು ‘ಓರ್ ಟೆಸ್ಟಿಂಗ್’. ಲಾರಿ ಗೇಟಿನಲ್ಲಿ ನಿಂತಿದೆ. ಕಬ್ಬಿಣದ ಅಂಶ ಎಷ್ಟೆಂದು ಹೇಳುವ ರಿಪೋರ್ಟು ಸೈಟಿನ ಸಮೇತ ಮಾಯ. ಅವರಿಗೆ ಸಮಾಧಾನ ಹೇಳುವಷ್ಟರಲ್ಲಿ ಸೇಲ್ಸ್‌ನವರು: ‘ಲೇಟೆಸ್ಟ್ ರೇಟ್ಸ್ ಎಲ್ಲಿ ಹೋದ್ವು?’ ಲೇ-ಟೆಸ್ಟ್! ನೆತ್ತಿಗೆ ಏರಿದ್ದು ಮಿರ್ಚಿಯ ಖಾರವೋ ಬೇರೇನೋ, ಈಗಲೂ ಗೊತ್ತಿಲ್ಲ.

ಅಳಿಸಿದ ಗ್ರೂಪು 30 ದಿನ ಉಸಿರು ಹಿಡಿದುಕೊಂಡಿರುತ್ತದೆ, ಅಷ್ಟರೊಳಗೆ ವಾಪಸು ಕರೆಯಬಹುದು. ಕರೆದೆ. ಆದರೆ ಕರೆದ ತಕ್ಷಣ ಓಡಿಬರುವ ಜಾತಿಯಲ್ಲ ಅದು. ಮೇಡಂ ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು, ‘ಬಂತೇನ್ರಿ? ಇನ್ನಾ ಬರ್ಲಿಲ್ಲೇನ್ರಿ?’ ಎನ್ನುತ್ತ ಸಂಜೆವರೆಗೆ ಕೂತರು. ಎಸಿ ತಂಪಿಗೋ ಎಂಬ ಅನುಮಾನ ನನಗಿದೆ.

ಲ್ಯಾಬ್ ಬಂತು, ರೇಟು ಬಂದವು. ಗಾಬರಿಯಲ್ಲಿ ವಾಪಸಿನ ಸ್ಕ್ರಿಪ್ಟಿಗೂ ಅದೇ ನಕ್ಷತ್ರ ಹಚ್ಚಿದ್ದೆ. ‘ಟೆಸ್ಟ್ 2’, ‘ಸುಮ್ನೆ ಟೆಸ್ಟ್’, ‘ಟೆಸ್ಟ್ ಬೇಡ’ ಕೂಡ ಬಂದು ಕೂತವು. ಯಾವ ಪುಣ್ಯಾತ್ಮ ಇವನ್ನು ಹೆತ್ತನೋ ಎಂದು ಓನರ್ ಹೆಸರು ತೆಗೆದು ನೋಡಿದೆ. ಮೂರಕ್ಕೂ ನಾನೇ.