ಏಳು ಸೀಟು ಮತ್ತು ನಮ್ಮನೆ ಚಡಾವು

ಏಳು ಸೀಟಿನ ಕಾರು ತಗೊಳ್ತೇನೆ ಅಂತ ಬಾಯಿಬಿಟ್ಟಿದ್ದೇ ತಪ್ಪಾಯ್ತು. ಮೂರು ತಿಂಗಳಿಂದ ಆಫೀಸಿನವರದ್ದೊಂದು ಸಲಹೆ, ಭಾವನದ್ದೊಂದು, ಹಾಲಿನ ಅಂಗಡಿಯವರದ್ದು ಮತ್ತೊಂದು. ಹತ್ತನೇ ಕ್ಲಾಸಿನ ಮಗನಂತೂ ಯೂಟ್ಯೂಬ್ ನೋಡಿ ನೋಡಿ ಎಂಜಿನಿಯರೇ ಆಗಿಬಿಟ್ಟಿದ್ದಾನೆ. ಅವನಿಗೆ ಎಸ್‌ಯುವಿಯೇ ಬೇಕು. ನನ್ನ ಹತ್ತಿರ ಇರೋದು ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿ 12 ಲಕ್ಷ, ಅದರಲ್ಲೂ ಮುಕ್ಕಾಲು ಪಾಲು ಬ್ಯಾಂಕಿನದು.

ನಾವಿರೋದು ಕಾರವಾರದಲ್ಲಿ. ಊರು ಶಿರಸಿ ಹತ್ತಿರ. ವರ್ಷದ ಮುನ್ನೂರೈವತ್ತು ದಿನ ಕಾರಿನಲ್ಲಿ ಇಬ್ಬರೋ ಮೂವರೋ. ಉಳಿದ ಹದಿನೈದು ದಿನ ಮಾತ್ರ ಅಪ್ಪ, ಆಯಿ, ಸಣ್ಣತ್ತೆ, ನಾವು ನಾಲ್ವರು ಎಲ್ಲ ಒಟ್ಟಿಗೆ: ಹಬ್ಬ, ಶ್ರಾದ್ಧ, ಮದುವೆ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಹದಿನೈದು ದಿನಕ್ಕೋಸ್ಕರ ದೊಡ್ಡ ಕಾರು ಯಾಕೆ, ಬಾಡಿಗೆ ಗಾಡಿ ಮಾಡಿದರಾಯ್ತಲ್ಲ ಅಂತ ನನ್ನ ಹೆಂಡತಿ ಕೇಳಿದ್ದು ಸರಿಯಾದ ಪ್ರಶ್ನೆಯೇ. ಎರಡು ವರ್ಷ ಹಾಗೇ ಮಾಡಿದೆವು. ಶ್ರಾದ್ಧದ ದಿನ ಬೆಳಗ್ಗೆ ಡ್ರೈವರ್ ಫೋನ್ ಎತ್ತದೇ ಹೋದ ಮೇಲೆ ಆ ಪ್ರಶ್ನೆ ಅವಳೂ ಬಿಟ್ಟಳು.

ಶೋರೂಮಿಗೆ ಹೋಗುವಾಗ ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅಂದ್ರೆ ಆಯಿಯನ್ನು ಕರೆದುಕೊಂಡು ಹೋಗಿದ್ದು. ಅರವತ್ತೆಂಟು ವರ್ಷ, ಎರಡೂ ಮಂಡಿ ನೋವು. ಹೆಚ್ಚಿನ ಕಾರುಗಳಲ್ಲಿ ಮೂರನೇ ಸಾಲಿಗೆ ಹೋಗೋದು ಅಂದ್ರೆ ಮಧ್ಯದ ಸೀಟು ಮಡಚಿ, ಬೆನ್ನು ಬಗ್ಗಿಸಿ, ಒಂದು ಕಾಲು ಒಳಗಿಟ್ಟು ಇನ್ನೊಂದನ್ನು ಎಳೆದುಕೊಳ್ಳೋದು. ಆಯಿ ಒಂದು ಕಾಲಿಟ್ಟು, ಬಾಗಿಲು ಹಿಡಿದುಕೊಂಡು ಅಲ್ಲೇ ನಿಂತಳು. "ಯಂಗೆ ಆಗ್ತಿಲ್ಲೆ ತಮಾ. ಮುಂದೇ ಅಡ್ಡಿಲ್ಲೆ." ಕಿಯಾ ಕ್ಯಾರೆನ್ಸ್‌ನ ಕೆಲವು ವೇರಿಯಂಟಿನಲ್ಲಿ ಬಟನ್ ಒತ್ತಿದರೆ ಮಧ್ಯದ ಸೀಟು ತಾನೇ ಮಡಚಿಕೊಳ್ಳುತ್ತದೆ, ಒಳ್ಳೇದು. ಆದರೆ ಮಂಡಿ ಮಡಚೋದಕ್ಕೆ ಬಟನ್ ಇಲ್ಲ. ಮಾರುತಿಯ ಎಕ್ಸ್‌ಎಲ್6ನಲ್ಲಿ ಮಧ್ಯದ ಎರಡು ಸೀಟು ಬೇರೆ ಬೇರೆ, ನಡುವೆ ದಾರಿ ಇದೆ, ಆದರೆ ಅದು ಆರೇ ಜನಕ್ಕೆ. ಏಳನೆಯವಳು ಸಣ್ಣತ್ತೆ. ಅವಳನ್ನು ಬಿಟ್ಟು ಹೋದರೆ ಮುಂದಿನ ಜಾತ್ರೆವರೆಗೂ ಮಾತು ಕೇಳಬೇಕು.

ಹಾಗಾಗಿ ಹಿಂದೆ ಮಕ್ಕಳೇ. ಇಲ್ಲಿ ಬಹಳ ಜನ ಎಡವೋದು. ಇವತ್ತಿನ ಮಕ್ಕಳನ್ನು ಕೂರಿಸಿ ನೋಡ್ತೇವೆ, ಸಾಲ ತೀರೋದು ಏಳು ವರ್ಷಕ್ಕೆ. ನನ್ನ ಮಗಳಿಗೆ ಈಗ ಒಂಬತ್ತು, ಕಡೇ ಕಂತು ಕಟ್ಟುವಾಗ ಹದಿನಾರು. ಮಗನ ತಲೆ ಈಗಲೇ ಕಾರಿನ ಚಾವಣಿಗೆ ತಾಗುತ್ತಿದೆ. ಹಿಂದಿನ ಸೀಟಿನಲ್ಲಿ ನಾನೇ ಹತ್ತು ನಿಮಿಷ ಕೂತು ನೋಡಿದೆ, ಮೊಣಕಾಲು ಗಲ್ಲದ ಹತ್ತಿರ ಬಂತು. ಸೇಲ್ಸ್ ಹುಡುಗ ನಗು ತಡೆದುಕೊಂಡಿದ್ದು ಕಾಣಿಸಿತು, ಇರಲಿ.

ಇನ್ನು ಸಾಮಾನು. ನಾಲ್ಕು ಮೀಟರಿನೊಳಗಿನ ಕಾರಿಗೆ ತೆರಿಗೆ ಕಮ್ಮಿ. ಪೆಟ್ರೋಲಾದರೆ 1200 ಸಿಸಿ, ಡೀಸೆಲ್ಲಾದರೆ 1500 ಸಿಸಿ ದಾಟಬಾರದು. 2025ರ ಸೆಪ್ಟೆಂಬರ್ 22ರಿಂದ ಇಂಥವಕ್ಕೆ ಜಿಎಸ್‌ಟಿ 18 ಪರ್ಸೆಂಟ್, ಮೇಲಿನವಕ್ಕೆ 40. ಈ ಲೆಕ್ಕಕ್ಕೆ ಸರಿಯಾಗಿ ಕಂಪನಿಯವರು ನಾಲ್ಕು ಮೀಟರಿನೊಳಗೇ ಏಳು ಜನರನ್ನು ತುಂಬುತ್ತಾರೆ. ಏಳೂ ಸೀಟು ಎತ್ತಿಟ್ಟರೆ ರೆನೋ ಟ್ರೈಬರ್‌ನ ಡಿಕ್ಕಿಯಲ್ಲಿ ಉಳಿಯೋದು 84 ಲೀಟರ್ ಜಾಗ, ಅದಕ್ಕಿಂತ ಉದ್ದದ ಮಾರುತಿ ಎರ್ಟಿಗಾದಲ್ಲಿ 209. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮೊದಲನೆಯದರಲ್ಲಿ ಒಂದು ಹಲಸಿನಕಾಯಿ, ಒಂದು ಸ್ಕೂಲ್ ಬ್ಯಾಗು. ಹೋಗುವಾಗ ಅಂಕೋಲಾದಲ್ಲಿ ಒಂದು ಬುಟ್ಟಿ ಕರಿ ಇಶಾಡು ಮಾವಿನಹಣ್ಣು. ಬರುವಾಗ ಕಾಯಿ, ಬಾಳೆಗೊನೆ, ಅಪ್ಪೆಮಿಡಿ ಡಬ್ಬಿ, "ಇದೊಂದು ಇಟ್ಕಂಡು ಹೋಗು" ಅಂತ ಕಡೇ ಗಳಿಗೆಯಲ್ಲಿ ಬರುವ ಸೌತೆಕಾಯಿ ಚೀಲ. ಟ್ರೈಬರ್ ಕೆಟ್ಟ ಕಾರಲ್ಲ. ಹಿಂದಿನ ಸೀಟು ಕಿತ್ತೇ ತೆಗೆದಿಡಬಹುದು, ಆಗ ಜಾಗ 625 ಲೀಟರ್. ಪೇಟೆಯಲ್ಲೇ ಇರುವವರಿಗೆ ಅದೇ ಸಾಕು. ಆದರೆ 1 ಲೀಟರಿನ 72 ಪಿಎಸ್ (ಅಶ್ವಶಕ್ತಿ ಅಂದುಕೊಳ್ಳಿ) ಎಂಜಿನ್ನಿಗೆ ಏಳು ಜನರ ಜೊತೆ ಕತಗಾಲ ದಾಟಿ ಶಿರಸಿ ದಾರಿಯ ದೇವಿಮನೆ ಘಟ್ಟ ಹತ್ತು ಅಂದರೆ ಪಾಪ ಅನಿಸುತ್ತದೆ. ಸಿಎನ್‌ಜಿ ಹಾಕಿಸಿ ಅಂದವರಿಗೂ ಇದೇ ಉತ್ತರ: ಡಿಕ್ಕಿಯ ಜಾಗ ಸಿಲಿಂಡರಿಗೆ ಹೋದರೆ ಸೌತೆಕಾಯಿ ಚೀಲ ಸಣ್ಣತ್ತೆಯ ಮಡಿಲಿಗೆ.

ಮಗನ ಎಸ್‌ಯುವಿ ಆಸೆ ಪೂರ್ತಿ ಹುಚ್ಚಾಟವಲ್ಲ ಅಂತ ಗೊತ್ತಾಗಿದ್ದು ನಮ್ಮನೆ ಚಡಾವಿನಲ್ಲಿ. ರಸ್ತೆಯಿಂದ ಅಂಗಳಕ್ಕೆ ಸುಮಾರು ನಲವತ್ತು ಮೀಟರ್ ಕೆಂಪು ಮಣ್ಣಿನ ಏರು, ಮಧ್ಯೆ ಒಂದು ತಿರುವು. ಹೋದ ಆಷಾಢದಲ್ಲಿ ಭಾವನ ಕಾರಿನಲ್ಲಿ ಏಳು ಜನ ಬಂದೆವು. ಕಾರಿನ ಹೆಸರು ಬೇಡ, ಅದರ ತಪ್ಪೇನಿಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಗರಗರ ತಿರುಗಿತೇ ಹೊರತು ಕಾರು ಅಲ್ಲಾಡಲಿಲ್ಲ. ಅಪ್ಪ ಗೋಣಿಚೀಲ ತಂದು ಚಕ್ರದಡಿ ತುರುಕಿದ. ಚೀಲ ಹಿಂದಕ್ಕೆ ಹಾರಿ ಅವನ ಪಂಚೆಯೆಲ್ಲ ರಾಡಿ. ಅಷ್ಟರಲ್ಲಿ ಪಕ್ಕದ ಮನೆಯವರ ಹಳೇ ಬೊಲೆರೊ ನಮ್ಮನ್ನು ಬಳಸಿಕೊಂಡು ದಡಬಡ ಹತ್ತಿಹೋಯ್ತು. ಒಳಗಿನವರು ಕೈ ಬೀಸಿದರು ಬೇರೆ.

ಕಾರಣ ಸರಳ. ಇಂಥ ಕಾರುಗಳಲ್ಲಿ ಹೆಚ್ಚಿನವಕ್ಕೆ ಎಳೆತ ಮುಂದಿನ ಚಕ್ರದಲ್ಲಿ. ಏರಿನಲ್ಲಿ ಭಾರ ಹಿಂದಕ್ಕೆ ಜಾರುತ್ತದೆ. ಮೂರನೇ ಸಾಲಿನವರು, ಡಿಕ್ಕಿಯ ಸಾಮಾನು ಎಲ್ಲ ಹಿಂದಿನ ಚಕ್ರದ ಮೇಲೆ, ಮುಂದಿನದು ಹಗುರಾಗಿ ಜಾರುತ್ತದೆ. ಬೊಲೆರೊ, ಬೊಲೆರೊ ನಿಯೋಗೆ ಎಳೆತ ಹಿಂದಿನ ಚಕ್ರದಲ್ಲಿ, ಅದೇ ಭಾರ ಅಲ್ಲಿ ಹಿಡಿತವಾಗುತ್ತದೆ. ಕಡೆಗೆ ಭಾವ ಎಲ್ಲರನ್ನೂ ಇಳಿಸಿ, ಕೆಳಗೆ ಹೋಗಿ ಕಾರು ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸಿದ. ಎಳೆಯುವ ಚಕ್ರ ತಗ್ಗಿನ ಕಡೆ ಬಂತು, ಭಾರವೂ ಅಲ್ಲೇ ಬಂತು, ಹತ್ತಿತು.

ಹಾಗಾದರೆ ಬೊಲೆರೊ ನಿಯೋ ತಗೊಂಡರಾಯ್ತು ಅಂತೀರಿ. ನಾನೂ ಹಾಗೇ ಅಂದುಕೊಂಡೆ. ಡೀಸೆಲ್, 100 ಪಿಎಸ್, ನಾಲ್ಕು ಮೀಟರಿನೊಳಗೆ ಬರುವುದರಿಂದ ತೆರಿಗೆಯೂ ಇಳಿದಿದೆ. ಆದರೆ ಹಿಂದಿನ ಎರಡು ಸೀಟು ಎದುರುಬದುರು. ಘಟ್ಟದ ತಿರುವಿನಲ್ಲಿ ಅಡ್ಡ ಕೂತು ಘಟ್ಟದ ಮೇಲಿನ ಬಂಡಲ ಊರು ಬರುವಷ್ಟರಲ್ಲಿ ಮಗಳು ಎಷ್ಟು ಸಲ ವಾಂತಿ ಮಾಡಬಹುದು ಅಂತ ಲೆಕ್ಕ ಹಾಕಿದೆ. ಕಾರು ಗುದ್ದಿಸಿ ಸುರಕ್ಷತೆ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 2024ರಲ್ಲಿ ಅದಕ್ಕೆ ಸಿಕ್ಕಿದ್ದು ಐದರಲ್ಲಿ ಒಂದೇ ಸ್ಟಾರ್. ಎರ್ಟಿಗಾಕ್ಕೂ ಆಫ್ರಿಕಾಕ್ಕೆ ಕಳಿಸುವ ಮಾದರಿಯಲ್ಲಿ ಒಂದೇ ಬಂದಿತ್ತು, 2025ರಿಂದ ಆರು ಏರ್‌ಬ್ಯಾಗು ಎಲ್ಲ ವೇರಿಯಂಟಿಗೂ ಬಂದಿದೆ ಅನ್ನೋದೊಂದು ಸಮಾಧಾನ. ಸ್ಕಾರ್ಪಿಯೋ-ಎನ್, ಎಕ್ಸ್‌ಯುವಿ700 ನನ್ನ ಲೆಕ್ಕದಾಚೆ, ಅವುಗಳ ಮಾತು ಬೇಡ. ಮಗ ಅವುಗಳ ಫೋಟೋವನ್ನು ಫೋನಿನ ವಾಲ್‌ಪೇಪರ್ ಮಾಡಿಕೊಂಡಿದ್ದಾನೆ, ಅಷ್ಟು ಸಾಕು.

ಕಡೆಗೆ ಎರ್ಟಿಗಾ, ಪೆಟ್ರೋಲ್, ಮ್ಯಾನುಯಲ್. ಅದರಲ್ಲೂ 10 ಲಕ್ಷದ ಕೆಳಗಿನ ವೇರಿಯಂಟೇ ಬೇಕು ಅಂತ ಹಟ ಹಿಡಿದೆ. ಕರ್ನಾಟಕದಲ್ಲಿ ಕಾರಿನ ಬೆಲೆ 10 ಲಕ್ಷ ದಾಟಿತೋ ರಸ್ತೆ ತೆರಿಗೆ 14ರಿಂದ 17 ಪರ್ಸೆಂಟಿಗೆ ಹಾರುತ್ತದೆ, ಅದೂ ಪೂರ್ತಿ ಬೆಲೆಯ ಮೇಲೆ. 9.90 ಲಕ್ಷದ ಕಾರಿಗೆ 1,38,600. 10.20 ಲಕ್ಷದ್ದಕ್ಕೆ 1,73,400. ಮೂವತ್ತು ಸಾವಿರದ ಅಲಾಯ್ ವೀಲಿಗೋ ಮತ್ತೊಂದಕ್ಕೋ ಆಸೆಪಟ್ಟರೆ ತೆರಿಗೆಯೇ 34,800 ಜಾಸ್ತಿ, ಸೆಸ್ ಬೇರೆ.

ಹಾಗಾದರೆ ಚಡಾವು? ಆ ಉಳಿದ ದುಡ್ಡು ಹೋಗೋದೇ ಅಲ್ಲಿಗೆ. ತಿರುವಿನ ಭಾಗದಲ್ಲಿ ಎರಡು ಚಕ್ರಕ್ಕೆ ಎರಡು ಕಾಂಕ್ರೀಟ್ ಪಟ್ಟಿ, ಮೇಲೆ ಅಡ್ಡಡ್ಡ ಗೀರು. ಮೇಸ್ತ್ರಿ 36 ಸಾವಿರ ಹೇಳಿದ್ದಾರೆ. ಬೇರೆ ಎಸ್‌ಯುವಿಗೆ ಮೂರು ಲಕ್ಷ ಹೆಚ್ಚು ಕೊಡುವ ಬದಲು ಚಡಾವನ್ನೇ ರಿಪೇರಿ ಮಾಡಬಹುದು ಅಂತ ನನಗೆ ಹೊಳೆದಿದ್ದಲ್ಲ, ಅಪ್ಪ ಹೇಳಿದ್ದು. ಪಂಚೆಯ ರಾಡಿ ಇನ್ನೂ ಮರೆತಿಲ್ಲ ಅವನು.

ಮೊನ್ನೆ ಫೋನ್ ಮಾಡಿ, ಪಟ್ಟಿ ಎಷ್ಟು ದೂರ ದೂರ ಹಾಕ್ಸವು ಅಂತ ಕೇಳಿದ. ನಾನು ಟೇಪು ಹಿಡಿದು ಮತ್ತೆ ಶೋರೂಮಿಗೆ ಹೋದೆ. ನೆಲಕ್ಕೆ ಕೂತು ಈ ಚಕ್ರದಿಂದ ಆ ಚಕ್ರಕ್ಕೆ ಅಳೆಯುವಾಗ ಅದೇ ಸೇಲ್ಸ್ ಹುಡುಗ ಬಂದು ನಿಂತ. "ಎಲ್ರೂ ಸನ್‌ರೂಫ್ ಉಂಟಾ ಕೇಳ್ತಾರೆ ಸರ್, ನೀವೆಂತ ಕಾರಿನ ಅಡೀಲಿ ನೋಡ್ತಿದ್ದೀರಿ?" ಅಂದ. ಟೇಪಿನ ಇನ್ನೊಂದು ತುದಿ ಅವನ ಕೈಗೆ ಕೊಟ್ಟೆ.