ಚೌಕದೊಳಗೆ ಹೋದ ಮನೆ

ನನ್ನ ವೆಬ್‌ಸೈಟಿನ ತಲೆಯ ಮೇಲೆ ಒಂದು ಪುಟ್ಟ ಮನೆ ಕೂರಿಸಬೇಕು ಅನ್ನಿಸಿತು. ಒಂದು ಇಳಿಜಾರು ಮಾಡು, ಒಂದು ಬಾಗಿಲು, ಒತ್ತಿದರೆ ಮುಖಪುಟಕ್ಕೆ ಹೋಗಬೇಕು. ಅಷ್ಟೇ ಆಸೆ. ಚಿತ್ರ ಬರೆಯಲು ನನಗೆ ಬರುವುದಿಲ್ಲ. ತಿಳಿದವರೊಬ್ಬರು, "ಚಿತ್ರ ಯಾಕೆ ಸಾರ್, ಐಕಾನ್ ಫಾಂಟ್ ಹಾಕಿ, ಐದು ನಿಮಿಷದ ಕೆಲಸ" ಅಂದರು. ಕಂಪ್ಯೂಟರಿನವರ ಐದು ನಿಮಿಷ ಎಷ್ಟು ಉದ್ದ ಅಂತ ನಿಮಗೂ ಗೊತ್ತಿರಬೇಕು, ಅಲ್ವಾ? ನನಗೆ ಒಂದು ಭಾನುವಾರ ಪೂರ್ತಿ ಹೋಯಿತು.

ಐಕಾನ್ ಫಾಂಟ್ ಎಂದರೆ ಅಕ್ಷರಗಳ ಜಾಗದಲ್ಲಿ ಚಿತ್ರಗಳು ಕೂತಿರುವ ಫಾಂಟ್. ಉಪಾಯ ಹೊಸದಲ್ಲ. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲೇ ಹೂವು, ನಕ್ಷತ್ರ, ಬೆರಳು ತೋರಿಸುವ ಕೈ ಎಲ್ಲ ಅಕ್ಷರದ ಮೊಳೆಗಳ ಜೊತೆಗೇ ಇರುತ್ತಿದ್ದವು. ಕಂಪ್ಯೂಟರಿಗೆ ವಿಂಗ್‌ಡಿಂಗ್ಸ್ ಬಂದಾಗ ಇಂಗ್ಲಿಷಿನ ದೊಡ್ಡ 'ಜೆ' ಒತ್ತಿದರೆ ನಗುವ ಮುಖ ಮೂಡುತ್ತಿತ್ತು. ಆ ಫಾಂಟ್ ಇಲ್ಲದ ಕಡೆ ನಗು ಮಾಯ, ಜೆ ಮಾತ್ರ ಉಳಿಯುತ್ತಿತ್ತು. ಕೆಲವರ ಇಮೇಲಿನಲ್ಲಿ ವಾಕ್ಯದ ಕೊನೆಗೆ ಒಂಟಿ ಜೆ ನಿಂತಿರುವುದನ್ನು ನೋಡಿ, ಇವರ ಹೆಸರಿನಲ್ಲಿ ಜೆ ಎಲ್ಲಿದೆ ಅಂತ ನಾನು ಬಹಳ ದಿನ ತಲೆ ಕೆರೆದುಕೊಂಡಿದ್ದೆ. ಪಾಪ, ಅವರು ನಗುತ್ತಿದ್ದರು.

ಈಗಿನ ಐಕಾನ್ ಫಾಂಟುಗಳು ಹೀಗೆ ಅಕ್ಷರದ ಮನೆಗೆ ನುಗ್ಗುವುದಿಲ್ಲ. ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಯಾವ ಭಾಷೆಗೂ ಕೊಡದೆ ಬಿಟ್ಟ 6,400 ಖಾಲಿ ನಿವೇಶನಗಳ ಒಂದು ಬಡಾವಣೆ ಇದೆ. ಯಾರು ಬೇಕಾದರೂ ಏನು ಬೇಕಾದರೂ ಕಟ್ಟಿಕೊಳ್ಳಬಹುದು. ಖಾತೆ ಮಾತ್ರ ಯಾರ ಹೆಸರಿಗೂ ಆಗುವುದಿಲ್ಲ. 2012ರಲ್ಲಿ ಬಂದ ಫಾಂಟ್ ಆಸಮ್ ಎಂಬ ಐಕಾನ್ ಫಾಂಟ್ ತನ್ನ ಮನೆಯನ್ನು ಕಟ್ಟಿದ್ದು ಅಲ್ಲಿ ಎಫ್015 ನಂಬರಿನಲ್ಲಿ. ಬೇರೆ ಫಾಂಟ್ ಹಿಡಿದು ಅದೇ ನಂಬರಿಗೆ ಹೋದರೆ ಬೇರೇನೋ ಸಿಗಬಹುದು, ಬಯಲೂ ಸಿಗಬಹುದು. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ಕಂಗಾಲಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೆಚ್ಚಬೇಕಾದ್ದನ್ನು ಮೆಚ್ಚಿಬಿಡೋಣ. ಸಾಮಾನ್ಯ ಚಿತ್ರವನ್ನು ಹಿಗ್ಗಿಸಿದರೆ ಅಂಚು ಮಸುಕಾಗುತ್ತದೆ, ಅಕ್ಷರ ಎಷ್ಟು ದೊಡ್ಡದಾದರೂ ಅಂಚು ಕೆಡುವುದಿಲ್ಲ. ಬರಹಕ್ಕೆ ನೀಲಿ ಬಣ್ಣ ಕೊಟ್ಟರೆ ಪಕ್ಕದ ಮನೆಯೂ ನೀಲಿಯಾಗುತ್ತದೆ. ಫಾಂಟ್ ಆಸಮ್‌ನ 4.7ನೇ ಆವೃತ್ತಿಯಲ್ಲೇ 675 ಚಿತ್ರಗಳಿದ್ದವು, ಎಲ್ಲ ಸೇರಿ ನೂರು ಕೆಬಿಯೊಳಗಿನ ಒಂದೇ ಕಡತದಲ್ಲಿ. ನನಗೆ ಬೇಕಾಗಿದ್ದದ್ದು ಒಂದೇ ಮನೆ, ಉಳಿದ ನೂರಾರು ಸುಮ್ನೆ ಜೊತೆಗೆ ಬರುತ್ತವೆ ಅನ್ನುವುದು ಬೇರೆ ಮಾತು.

ಸರಿ, ಫಾಂಟಿನ ಹೊಸ ಆವೃತ್ತಿ ಇಳಿಸಿಕೊಂಡೆ, ಸೈಟಿಗೆ ಏರಿಸಿದೆ, ಪುಟ ಹೇಗೆ ಕಾಣಬೇಕು ಅಂತ ಹೇಳುವ ಸಿಎಸ್‌ಎಸ್ ಸೇರಿಸಿದೆ, ಹೇಳಿದ ಜಾಗದಲ್ಲಿ ಬ್ರೌಸರಿಗೆ ಗುರುತಾಗಿ 'ಐ' ಟ್ಯಾಗ್ ಬರೆದೆ. ಈ 'ಐ' ಹುಟ್ಟಿದ್ದು ಅಕ್ಷರ ಓರೆ ಮಾಡಲು. ಚಿಕ್ಕದಾಗಿದೆ ಅಂತ ಜನ ಅದನ್ನು ಐಕಾನಿಗೆ ಹಿಡಿದು ಹಾಕಿದರು. ಪುಟ ತೆರೆದೆ. ಮನೆಯ ಜಾಗದಲ್ಲಿ ಒಂದು ಖಾಲಿ ಚೌಕ. ನಿವೇಶನ ಇದೆ, ಮನೆ ಇಲ್ಲ.

ಮೊದಲು ಸಿಕ್ಕ ತಪ್ಪು, ಫಾಂಟಿನ ದಾರಿ. ಕಡತ ಒಂದು ಫೋಲ್ಡರಿನಲ್ಲಿ, ಸಿಎಸ್‌ಎಸ್ ಹುಡುಕುತ್ತಿದ್ದದ್ದು ಇನ್ನೊಂದರಲ್ಲಿ. ತಿದ್ದಿದೆ. ಚೌಕ ಅಲ್ಲೇ ಇತ್ತು. ಫಾಂಟನ್ನು ಬೇರೆ ಡೊಮೇನಿನಿಂದ ತರಿಸಿ ನೋಡಿದೆ. ಆ ಸರ್ವರ್ ಅನುಮತಿ ಕೊಡದಿದ್ದರೆ ಬ್ರೌಸರ್ ಪರರ ಫಾಂಟನ್ನು ಮುಟ್ಟುವುದಿಲ್ಲವಂತೆ. ಚಿತ್ರಗಳಿಗೆ ಇಲ್ಲದ ಮಡಿ ಫಾಂಟಿಗೆ! ಮತ್ತೆ ನನ್ನ ಸೈಟಿಗೇ ತಂದೆ. ಸಂಜೆಯ ಹೊತ್ತಿಗೆ ನಿಜವಾದ ಕಾರಣ ಗೊತ್ತಾಯಿತು. ಫಾಂಟಿನ ಹೆಸರು ಸರಿ, ನಂಬರ್ ಸರಿ, ಆದರೆ ಅಕ್ಷರದ ದಪ್ಪ 900 ಎಂದು ನಾನು ಬರೆದಿರಲಿಲ್ಲ. ಮಾಮೂಲಿ 400ರ ದಪ್ಪದಲ್ಲಿ ಮನೆಯೇ ಇರಲಿಲ್ಲ. ಮೂರು ಅಂಕಿ ಸೇರಿಸಿದೆ. ಆಗಲೂ ಚೌಕ. ಬ್ರೌಸರ್ ಹಳೆಯ ಕಡತವನ್ನೇ ಜೋಪಾನವಾಗಿ ಇಟ್ಟುಕೊಂಡು ತೋರಿಸುತ್ತಿತ್ತು. ಆ ದಾಸ್ತಾನನ್ನು, ಅಂದರೆ ಕ್ಯಾಷನ್ನು, ಖಾಲಿ ಮಾಡಿದೆ. ಮನೆ ಎದ್ದು ನಿಂತಿತು. ಪುಟಾಣಿ ಮನೆ, ಅದಕ್ಕೆ ಹೊಗೆಗೂಡು ಬೇರೆ.

ಒಂದು ಬಂದ ಮೇಲೆ ಕೈ ನಿಲ್ಲುತ್ತದೆಯೇ? ಫೋನಿಗೊಂದು, ಅಂಚೆಗೊಂದು, 'ನಮ್ಮ ಬಗ್ಗೆ'ಗೊಂದು ಹಾಕಿದೆ. ಪದಗಳನ್ನು ತೆಗೆದು ಚಿತ್ರ ಮಾತ್ರ ಉಳಿಸಿದೆ. ಚೆನ್ನಾಗಿಯೇ ಕಾಣುತ್ತಿತ್ತು. ಕಣ್ಣು ಕಾಣದ ಪರಿಚಿತರೊಬ್ಬರು ಪುಟವನ್ನು ಸ್ಕ್ರೀನ್ ರೀಡರಿನಲ್ಲಿ ಕೇಳಿಸಿಕೊಂಡು, "ಲಿಂಕ್, ಲಿಂಕ್, ಲಿಂಕ್ ಅನ್ನುತ್ತದೆ, ಯಾವುದರದ್ದು ಅಂತ ಮಾತ್ರ ಹೇಳುತ್ತಿಲ್ಲ" ಅಂದರು. ನಾಚಿಕೆಯಾಯಿತು. ಪದಗಳನ್ನು ವಾಪಸು ಕರೆದು ಚಿತ್ರದ ಪಕ್ಕ ಕೂರಿಸಿದೆ. ಚಿತ್ರವನ್ನು ಓದಬೇಡ ಎಂದು ಸ್ಕ್ರೀನ್ ರೀಡರಿಗೆ ಹೇಳುವ ಸಾಲನ್ನೂ ಬರೆದೆ.

ಬಲ್ಲವರು ಈಗ ಫಾಂಟ್ ಬಿಟ್ಟು ಎಸ್‌ವಿಜಿ, ಅಂದರೆ ಹಿಗ್ಗಿಸಿದರೂ ಮಸುಕಾಗದ ಗೆರೆಚಿತ್ರ, ಬಳಸಿ ಅನ್ನುತ್ತಾರೆ. ಪ್ರೋಗ್ರಾಂ ಬರೆಯುವವರ ತಾಣ ಗಿಟ್‌ಹಬ್ 2016ರಲ್ಲೇ ಹಾಗೆ ಬದಲಾಯಿಸಿಕೊಂಡಿತು. ಚಿತ್ರ ಚಿತ್ರವಾಗಿಯೇ ಇರಲಿ, ಅಕ್ಷರದ ವೇಷ ಯಾಕೆ ಅನ್ನುವ ವಾದ. ಅವರು ಹೇಳುವುದು ಸರಿ. ಆದರೆ ಕಟ್ಟಿದ ಮನೆ ಕೆಡವಲು ಸೋಮಾರಿತನ. ನಾನು ಮಾಡಿದ್ದು ಇನ್ನೊಂದು ಕಿತಾಪತಿ. ನಂಬರಿನ ಗೊಡವೆಯೇ ಬೇಡ ಅಂತ, ಪದ ಬರೆದರೆ ಚಿತ್ರವಾಗುವ ಫಾಂಟಿಗೆ ಬದಲಾದೆ. ಇಂಗ್ಲಿಷಿನಲ್ಲಿ 'ಹೋಮ್' ಎಂದು ಟೈಪ್ ಮಾಡಿದರೆ ಸಾಕು, ನಾಲ್ಕು ಅಕ್ಷರ ಬೆಸೆದುಕೊಂಡು ಮನೆಯಾಗುತ್ತವೆ. ಒತ್ತಕ್ಷರ ಮೂಡುವ ಹಾಗೆಯೇ. ಇಷ್ಟು ಚಂದದ ಉಪಾಯ ಇರುವಾಗ ಮೊದಲೇ ಯಾಕೆ ಹೇಳಲಿಲ್ಲ ಅಂತ ಆ ತಿಳಿದವರ ಮೇಲೆ ಕೋಪವೂ ಬಂತು.

ಮೊನ್ನೆ ನೆಂಟರೊಬ್ಬರು ಫೋನ್ ಮಾಡಿದರು. ಪುಟದಲ್ಲಿ ಅಲ್ಲಲ್ಲಿ ಇಂಗ್ಲಿಷ್ ಇದ್ದುದರಿಂದ ಬ್ರೌಸರಿನ ಅನುವಾದದ ಗುಂಡಿ ಒತ್ತಿದ್ದರಂತೆ. ಅನುವಾದಕನಿಗೆ ಚಿತ್ರ ಕಾಣುವುದಿಲ್ಲ, ಕೆಳಗಿನ ಪದ ಮಾತ್ರ ಕಾಣುತ್ತದೆ. ಅದನ್ನೂ ಕನ್ನಡ ಮಾಡಿತ್ತು. ಆ ಕನ್ನಡ ಪದ ನನ್ನ ಫಾಂಟಿಗೆ ಗೊತ್ತಿಲ್ಲ. ಮಾಡು, ಬಾಗಿಲು ಎಲ್ಲ ಹೋಗಿ, ಆ ಜಾಗದಲ್ಲಿ ಕನ್ನಡದಲ್ಲಿ 'ಮನೆ' ಎಂದು ಬಂದಿತ್ತು.

"ಈಗ ಸರಿಯಾಗಿ ಅರ್ಥ ಆಗತ್ತೆ ನೋಡಿ" ಅಂದರು ಅವರು. "ಮುಂಚೆ ಅಲ್ಲಿ ಏನೋ ಒಂದು ಬಾಣ ಇತ್ತಲ್ಲ?"